ಇನ್ನೂ ನಾಲ್ಕೈದು ವರ್ಷ

ಎಷ್ಟು ಒರೆಸಿದರೂ ತೀರಿಕೊಂಡ ತಾಯಿಯ ಕತ್ತಿನ ಹಳದಿ ಹೋಗಲಿಲ್ಲ. ಮಗಳು ಬಟ್ಟೆಯನ್ನು ಮತ್ತೊಮ್ಮೆ ಬಿಸಿನೀರಿಗೆ ಅದ್ದಿದಳು.

“ಸಾಕು ಬಿಡಿ ಅತ್ತಿಗೆ,” ಎಂದಳು ತಮ್ಮನ ಹೆಂಡತಿ. “ಅದೇನು ಕೊಳೆಯಾ, ಉಜ್ಜಿದ್ರೆ ಹೋಗೋಕೆ? ಪಿತ್ತ ಮೈಗೆಲ್ಲ ಏರಿತ್ತಲ್ಲ.”

ಹಜಾರದ ಕುರ್ಚಿಗಳು ತುಂಬಿದ್ದವು. ತಮ್ಮ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಒಂದೇ ಪಾಠ ಒಪ್ಪಿಸುತ್ತಿದ್ದ. “ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಹಾಕ್ಕೊಂಡಿತ್ತು. ಎಂಬತ್ತನಾಲ್ಕು ವಯಸ್ಸು ನೋಡಿ, ಡಾಕ್ಟ್ರೇ ಕೈಚೆಲ್ಲಿದ್ರು.”

“ಈ ವಯಸ್ಸಲ್ಲಿ ಕೊಯ್ಯೋದು ಬಗೆಯೋದು ಯಾಕೆ ಹೇಳಿ,” ಎಂದರು ಕೆಳಮಹಡಿಯ ನಿವೃತ್ತ ಮೇಷ್ಟ್ರು. “ಸೊಂಟ ಮುರಿದು ಬಿದ್ದ ತಾಯಿನ ಹನ್ನೊಂದು ವರ್ಷ ಅಂಗೈಲಿಟ್ಟು ನೋಡ್ಕೊಂಡ್ಳು. ಮಗಳು ಅಂದ್ರೆ ಹಾಗಿರ್ಬೇಕು.”

ಮಗಳು ತಲೆ ತಗ್ಗಿಸಿದಳು. ನೋಡಿದವರಿಗೆ ಅದು ವಿನಯವಾಗಿ ಕಂಡಿತು.

*

ಹದಿನೈದು ದಿನದ ಹಿಂದೆ ಡಾಕ್ಟರು ಹಾಳೆಯ ಮೇಲೊಂದು ಕೊಳವೆ ಬರೆದು, ಅದರೊಳಗೆ ಚುಕ್ಕೆ ಇಟ್ಟಿದ್ದರು.

“ಹೊಟ್ಟೆ ಕೊಯ್ಯಲ್ಲ. ಬಾಯಿಂದ ಎಂಡೋಸ್ಕೋಪ್ ಇಳಿಸಿ ಈ ಕಲ್ಲು ತೆಗೀತೀವಿ. ಅಪಾಯ ಇಲ್ಲವೇ ಇಲ್ಲ ಅನ್ನಲ್ಲ. ರಕ್ತ ಹೋಗ್ಬಹುದು, ಮೇದೋಜೀರಕ ಗ್ರಂಥಿ ಊದ್ಕೋಬಹುದು. ಆದ್ರೆ ಅವರ ಹೃದಯ, ಉಸಿರು ಚೆನ್ನಾಗಿವೆ. ಈ ವಯಸ್ಸಿನವರು ಬಹಳ ಜನ ತಡ್ಕೋತಾರೆ. ಹಾಗೇ ಬಿಟ್ರೇನೇ ಕಷ್ಟ, ಸೋಂಕು ರಕ್ತಕ್ಕೇರುತ್ತೆ. ಕಲ್ಲು ಹೋಯ್ತು ಅಂದ್ರೆ ಇನ್ನೂ ನಾಲ್ಕೈದು ವರ್ಷ ಆರಾಮಾಗಿರ್ತಾರೆ.”

ನಾಲ್ಕೈದು ವರ್ಷ. ಮಗಳಿಗೀಗಲೇ ಐವತ್ತಾರು. ಅಷ್ಟು ಹೊತ್ತು ಉಸಿರು ಬಿಗಿಹಿಡಿದು ಕೂತಿದ್ದವಳಿಗೆ ಒಳ್ಳೆಯ ಸುದ್ದಿಯೇ ಎದೆಗೆ ಒದ್ದಂತಾಯಿತು. ಎಬ್ಬಿಸುವುದು, ಹೊರಳಿಸುವುದು, ಒಗೆಯುವುದು, ಸ್ನಾನಕ್ಕೆ ಹೋದರೂ ಬಾಗಿಲು ಅರೆ ತೆರೆದಿಡುವುದು. ಆರಾಮ ಯಾರಿಗೆ?

“ಅಕ್ಕಾ, ನೀನೇ ಹೇಳು. ನೋಡ್ಕೊಳ್ಳೋಳು ನೀನು,” ಎಂದ ತಮ್ಮ. ಅವನದು ಯಾವಾಗಲೂ ಹಾಗೇ, ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

“ಬೇಡ,” ಎಂದಳು.

“ಅವರನ್ನೂ ಒಂದು ಮಾತು ಕೇಳಿ,” ಎಂದರು ಡಾಕ್ಟರು.

“ಕೇಳಿದೀನಿ. ಅಮ್ಮನಿಗೇ ಬೇಡ್ವಂತೆ.”

ತಮ್ಮ ತನ್ನ ಚಪ್ಪಲಿ ನೋಡುತ್ತ ಕೂತ.

ವಾರ್ಡಿನಲ್ಲಿ ತಾಯಿ ದಿಂಬಿಗೊರಗಿ ಕಾಯುತ್ತಿದ್ದಳು. “ಏನಂದ್ರು?”

“ನಿನ್ನ ವಯಸ್ಸಿಗೆ ಆಗಲ್ವಂತೆ.”

“ಡಾಕ್ಟ್ರೇ ಅಂದ್ರಾ?”

“ಹೂಂ.”

ತಾಯಿ ಅವಳ ಮುಖವನ್ನೇ ಬಹಳ ಹೊತ್ತು ನೋಡಿದಳು. “ಹಾಗಾದ್ರೆ ಮನೆಗೆ ಹೋಗೋಣ. ಈ ಕುರ್ಚಿ ಮೇಲೆ ನಿಂಗೂ ನಿದ್ದೆ ಇಲ್ಲ.”

*

ಸಾವಿನ ಮನೆಗೆ ಮಧ್ಯಾಹ್ನ ಇಸ್ತ್ರಿ ದೊಡ್ಡಮ್ಮ ಬಂದಳು. ತಾಯಿಯೂ ಅವಳೂ ಮೂವತ್ತು ವರ್ಷ ಒಂದೇ ಲಾಂಡ್ರಿಯಲ್ಲಿ ಹೋಟೆಲಿನ ಹಾಸಿಗೆವಸ್ತ್ರಗಳಿಗೆ ಇಸ್ತ್ರಿ ಹಾಕಿದವರು. ದೊಡ್ಡಮ್ಮನಿಗೆ ಈಗ ಎಂಬತ್ತಾರು. ಮೂರು ಮಹಡಿ ಹತ್ತಿದ್ದಕ್ಕೆ ಏದುಸಿರು ಬಿಡುತ್ತಿದ್ದರೂ ಕಣ್ಣಿನ ಬಿಳುಪು ಒಗೆದಿಟ್ಟಂತಿತ್ತು.

“ನಂಗೂ ಇದೇ ಕಲ್ಲು ಆಗಿತ್ತು,” ಎಂದು ಕೂತವರ ಕಡೆ ತಿರುಗಿದಳು. “ಹೋದ ವರ್ಷ ಬಾಯಿಂದ ನಳಿಕೆ ಬಿಟ್ಟು ತೆಗೆದ್ರು. ಮೂರನೇ ದಿನ ಮನೇಲಿದ್ದೆ, ಸೊಸೆ ಹತ್ರ ಜಗಳಾನೂ ಆಡಿದ್ದೆ.”

ಯಾರೋ ನಕ್ಕು, ನಗು ನುಂಗಿಕೊಂಡರು.

“ಎಲ್ಲರ ಮೈ ಒಂದೇ ಥರ ಇರಲ್ವಲ್ಲ ದೊಡ್ಡಮ್ಮ,” ತಮ್ಮ ನಡುವೆ ಬಾಯಿ ಹಾಕಿದ. “ಡಾಕ್ಟ್ರೇ ಆಗಲ್ಲ ಅಂದ್ಬಿಟ್ರು.”

“ನಿನ್ನ ಕೇಳ್ಲಿಲ್ಲ ಕಣೋ.” ಅವಳು ಮಗಳ ಪಕ್ಕ ಕೂತಳು. “ನೀನು ಹೇಳೇ, ಡಾಕ್ಟ್ರು ಹಾಗಂದ್ರಾ?”

ಎಲ್ಲರೂ ಇತ್ತಲೇ ನೋಡುತ್ತಿದ್ದರು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

“ಹೂಂ,” ಎಂದಳು ಮಗಳು.

ದೊಡ್ಡಮ್ಮ ಅವಳಿಗೊಬ್ಬಳಿಗೇ ಕೇಳುವಷ್ಟು ದನಿ ತಗ್ಗಿಸಿದಳು. “ಡಾಕ್ಟ್ರು ನಿಮ್ಮನ್ನ ಕರೆದ ದಿನ ಬೆಳಿಗ್ಗೆ, ನರ್ಸ್ ಹತ್ರ ಫೋನ್ ಇಸ್ಕೊಂಡು ನನ್ನ ಜೊತೆ ಮಾತಾಡಿದ್ಳು ನಿಮ್ಮಮ್ಮ. ‘ಡಾಕ್ಟ್ರು ನನ್ನ ಹತ್ರಾನೇ ಬಂದು ಹೇಳಿದ್ರು ಕಣೇ, ಮಾಡ್ಬಹುದಂತೆ. ಮಕ್ಕಳ ಹತ್ರಾನೂ ಮಾತಾಡ್ತಾರಂತೆ’ ಅಂದ್ಳು. ಹುಡುಗಿ ಥರ ನಗ್ತಿದ್ಳು.”

ಮಗಳು ಬಲಗೈಯನ್ನು ತಾಯಿಯ ಹಣೆಯ ಮೇಲಿಟ್ಟಳು.

ಕೆಳಗೆ ಶವದ ಗಾಡಿ ಬಂದು ನಿಂತ ಸದ್ದಾಯಿತು. ಮಗಳ ಕೈ ಇನ್ನೂ ಆ ಹಣೆಯ ಮೇಲೇ ಇತ್ತು. ದೊಡ್ಡಮ್ಮ ಆ ಕೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮೆಲ್ಲಗೆ ಎತ್ತಿ, ಮಗಳ ಮಡಿಲಲ್ಲೇ ಇಟ್ಟಳು.