ಮೈಮೇಲೆ ಚಿನ್ನ ಹೊತ್ತು ಬಂದ ಸೊಸೆ

ಗಪ್ಪಿ ಮೀನಿಗೆ ಹೆಣ್ಣು ನೋಡುತ್ತಾರೆಂದರೆ ಯಾರಾದರೂ ನಗುತ್ತಾರೆ. ನಗಲಿ. ಬಸವೇಶ್ವರನಗರದ ಪುರುಷೋತ್ತಮನಿಗೂ ಸುಂಕದಕಟ್ಟೆಯ ಗಿರಿರಾಜನಿಗೂ ಅದು ಹುಡುಗಾಟವಾಗಿರಲಿಲ್ಲ. ಪುರುಷೋತ್ತಮನ ಗಾಜಿನ ಟ್ಯಾಂಕಿನಲ್ಲಿದ್ದ ನೀಲಿ ಬಾಲದ ಗಪ್ಪಿಗಳು ವರ್ಷಗಟ್ಟಲೆ ತಮ್ಮತಮ್ಮಲ್ಲೇ ಕೂಡಿ ಬೆಳೆದ ವಂಶ. ಈಚೆಗೆ ಹುಟ್ಟಿದ ಮರಿಗಳ ಬೆನ್ನು ಡೊಂಕು. ಹೊರಗಿನ ರಕ್ತ ಸೇರದಿದ್ದರೆ ಆ ನೀಲಿಯ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನ ಜಂಭವೂ ಅದೇ, ಜೀವವೂ ಅದೇ.

ಗಿರಿರಾಜನ ಟ್ಯಾಂಕಿನ ಹೆಣ್ಣು ಗೊತ್ತಾಯಿತು. ಗೆಳೆಯರಿಬ್ಬರೂ ಬೀಗರಾದರು. ತಾಂಬೂಲದ ಬದಲು ಗಿರಿರಾಜ ತನ್ನ ಟ್ಯಾಂಕಿನ ನೀರುಗಿಡ ಒಂದು ಹಿಡಿ ತಂದುಕೊಟ್ಟ. ಪುರುಷೋತ್ತಮ ಅದನ್ನು ತೊಳೆಯದೆ ಹಾಗೇ ಬಿಟ್ಟ. ಕೆಲವೇ ದಿನಗಳಲ್ಲಿ ಸೊಂಪಾಗಿ ಹಬ್ಬಿತು.

ಭಾನುವಾರ ಬೆಳಿಗ್ಗೆ ಗಿರಿರಾಜ ಸ್ಕೂಟರಿನಲ್ಲಿ ಸೊಸೆಯನ್ನು ಕರೆತಂದ. ಪುರುಷೋತ್ತಮನ ಹೆಂಡತಿ ಮಾಲವಿಕಾ ಕೇಸರಿಬಾತು ಮಾಡಿದ್ದಳು. ಹೊಸ ಮೀನನ್ನು ಕೆಲವು ದಿನ ಬೇರೆ ನೀರಿನಲ್ಲಿಟ್ಟು ಕಾಯಬೇಕೆಂಬುದು ಇಬ್ಬರಿಗೂ ಗೊತ್ತು. ಆದರೆ ಬೀಗರ ಮನೆಯ ಹೆಣ್ಣನ್ನು ಹೊರಗೆ ಕೂರಿಸುವುದುಂಟೇ? ನೀರಿನ ಬಿಸಿ ಹೊಂದಿಕೊಳ್ಳಲೆಂದು ಪ್ಲಾಸ್ಟಿಕ್ ಚೀಲವನ್ನು ನೇರವಾಗಿ ಟ್ಯಾಂಕಿನ ಮೇಲೆ ತೇಲಿಬಿಟ್ಟರು.

“ನೋಡಿ ಬೀಗರೇ, ಮೈತುಂಬ ಚಿನ್ನ ಹೇರ್ಕೊಂಡು ಬಂದಿದಾಳೆ ನಮ್ ಹುಡ್ಗಿ,” ಎಂದ ಗಿರಿರಾಜ.

ಹೌದು, ನೆತ್ತಿಯ ಮೇಲೆ, ಕಿವಿರಿನ ಬಳಿ ಹೊನ್ನಿನ ಮಿಂಚು. ಪುರುಷೋತ್ತಮ ಹಿಗ್ಗಿ ಚೀಲದ ರಬ್ಬರ್‌ಬ್ಯಾಂಡಿಗೆ ಕೈಹಾಕಿದ. ಆಗ ಅವಳು ಪ್ಲಾಸ್ಟಿಕ್ಕಿಗೆ ಮೈ ಉಜ್ಜಿದಳು. ತುಸು ನಿಂತು ಮತ್ತೆ ಉಜ್ಜಿದಳು. ಈಜುರೆಕ್ಕೆಗಳನ್ನು ಬಿಚ್ಚದೆ ಮೈಗೆ ಅಂಟಿಸಿಕೊಂಡಿದ್ದಳು. ಪುರುಷೋತ್ತಮ ರಬ್ಬರ್‌ಬ್ಯಾಂಡಿನಿಂದ ಕೈ ತೆಗೆದ.

“ಮಾಲು, ಪರದೆ ಎಳಿ. ಲೈಟ್ ಆರ್ಸು.”

“ಹಗಲೇ ಪ್ರಸ್ತ ಮಾಡ್ತೀರೇನ್ರೀ?” ಎಂದು ನಗುತ್ತಲೇ ಮಾಲವಿಕಾ ಕತ್ತಲು ಮಾಡಿದಳು.

ಅವನು ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದ. ಅದು ಮೈಬಣ್ಣವಲ್ಲ. ಮೇಲೆ ಯಾರೋ ಅರಿಶಿನದ ಪುಡಿ ಉದುರಿಸಿದ ಹಾಗೆ ಕೂತಿತ್ತು.

“ಗಿರಿ, ಇದು ವೆಲ್ವೆಟ್ ರೋಗ. ಮೈಮೇಲೆ ಕೂತಿರೋದು ಕ್ರಿಮಿ. ಈ ಚೀಲ ಬಿಚ್ಚಿದ್ರೆ ನನ್ ಟ್ಯಾಂಕ್ ಪೂರ್ತಿ ಹೋಗತ್ತೆ.”

“ಮನೆ ತುಂಬಿಸ್ಕೊಳ್ಳೋ ಹೊತ್ತಲ್ಲಿ ನಮ್ಮನೆ ಹೆಣ್ಣಿಗೆ ರೋಗ ಅಂತೀಯಾ?” ಗಿರಿರಾಜನ ಬಾಯಲ್ಲಿ ‘ಬೀಗರೇ’ ಹೋಗಿ ‘ನೀನು’ ಬಂದಿತ್ತು.

ಪುರುಷೋತ್ತಮನ ಭಯ ಸಿಟ್ಟಾಗಿ ಹೊರಬಿತ್ತು. “ಹೌದು, ಅಂತೀನಿ! ದಿನಾ ನೋಡೋನು ನೀನು, ಕಣ್ಣೆಲ್ಲಿಟ್ಟಿದ್ದೆ?”

ಗಿರಿರಾಜ ಚೀಲವನ್ನು ಎತ್ತಿಕೊಂಡು ಬಾಗಿಲವರೆಗೆ ಹೋದ. ಅಲ್ಲೇ ನಿಂತ. ತಿರುಗಿದಾಗ ಮುಖ ಹುಳ್ಳಗಾಗಿತ್ತು.

“ನಮ್ ಟ್ಯಾಂಕಲ್ಲಿ ಎಲ್ಲಾ ಹಿಂಗೇ ಹೊಳೀತಿವೆ ಕಣೋ. ಹೊಸ ಫುಡ್ ಹಾಕಿದ್ದಕ್ಕೆ ಕಳೆ ಬಂತು ಅಂತ ಮನೆಯೋರ್ಗೆಲ್ಲ ತೋರಿಸ್ಕೊಂಡ್ ಮೆರೀತಿದ್ದೆ.”

ಪಾಪ ಅನ್ನಿಸಿತು ಪುರುಷೋತ್ತಮನಿಗೆ. ಸಮಾಧಾನದ ಮಾತು ಬಾಯಿಗೆ ಬರುವಷ್ಟರಲ್ಲಿ ಮಾಲವಿಕಾ ಮೆಲ್ಲಗೆ ಕೇಳಿದಳು.

“ಗಿರಿಯಣ್ಣ, ಆ ಗಿಡ ಕೂಡ ನಿಮ್ ಟ್ಯಾಂಕಿಂದೇ ಅಲ್ವಾ?”

ಇನ್ನೊಬ್ಬರ ಮನೆಯ ಹೆಣ್ಣಿಗೆ ಹಿಡಿದಿದ್ದ ಟಾರ್ಚನ್ನು ಪುರುಷೋತ್ತಮ ಈಗ ತನ್ನ ಟ್ಯಾಂಕಿನತ್ತ ತಿರುಗಿಸಿದ. ನೀಲಿ ಗಂಡುಗಳು ಬೆಳಕಿಗೆ ಮುತ್ತಿಕೊಂಡವು. ಎಲ್ಲಕ್ಕಿಂತ ಹಿರಿಯನ ನೆತ್ತಿಯ ಮೇಲೆ ತೆಳ್ಳಗೆ ಹಳದಿ ಧೂಳು. ಅವನ ಪಕ್ಕದವನ ಮೇಲೂ. ಗಿಡದ ಕಡ್ಡಿಗೆ ಇನ್ನೊಂದು ಮೈ ಉಜ್ಜುತ್ತಿತ್ತು. ದಿನಾ ನೋಡುವವನು ತಾನೂ ಕಣ್ಣು ಎಲ್ಲಿಟ್ಟಿದ್ದನೋ.

ಬೆಳಕಿದ್ದಷ್ಟೂ ಬಲಿಯುವ ರೋಗ ಅದು. ಟ್ಯಾಂಕಿಗೆ ಕತ್ತಲು ಕವಿಸಬೇಕು, ತಾಮ್ರದ ಔಷಧಿಯನ್ನು ಅಳತೆ ತಪ್ಪದೆ ಹಾಕಬೇಕು, ಉಳಿದರೆ ಉಳಿದಾವು. ಪುರುಷೋತ್ತಮ ಗಿಡವನ್ನು ಕಿತ್ತು ಬಕೆಟ್ಟಿಗೆ ಹಾಕಿದ. ಮಾಲವಿಕಾ ಮಂಚದ ಮೇಲಿದ್ದ ಕಂಬಳಿ ತಂದಳು. ಗಿರಿರಾಜ ಚೀಲವನ್ನು ಕೆಳಗಿಟ್ಟು, ಕೇಳದೆಯೇ ಬಂದು ಕಂಬಳಿಯ ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ ಆ ನೀಲಿಯನ್ನೆಲ್ಲ ಮುಚ್ಚಿದರು.

“ಬೀಗರೇ,” ಎಂದ ಗಿರಿರಾಜ. “ಇನ್ನೊಂದು ಕಂಬಳಿ ಇದ್ಯಾ? ನಮ್ಮನೆಗೂ ಬೇಕು.”