ಸ್ವೆಟರಿನ ಒಳಮೈ

ಹಗ್ಗದ ಮೇಲೆ ಒಣಗಿದ್ದ ಬಟ್ಟೆಗಳನ್ನು ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಿದ್ದೆ. ಅರ್ಧ ತೆಗೆದಿದ್ದೆನೋ ಇಲ್ಲವೋ, ಕಿಟಕಿಯಲ್ಲಿಟ್ಟಿದ್ದ ಫೋನು ಸದ್ದು ಮಾಡಿತು. ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡೇ ನೋಡಿದೆ.

‘ನಮ್ಮಪ್ಪನ ಕೋಟನ್ನು ಹುಳ ತಿಂದು ತೂತಾಗಿದೆ. ನಿಮ್ಮ ಫೋಟೋಗಳಲ್ಲಿ ಬರೀ ಒಳ್ಳೆ ಬಟ್ಟೆ ಕಾಣುತ್ತೆ. ಹರಿದಿದ್ದು ಎಲ್ಲಿ? ಅಪ್ಪ ಈಗಿಲ್ಲ, ಉಳಿದಿರೋದು ಈ ಕೋಟು ಒಂದೇ. ನಿಮ್ಮನ್ನ ಹೇಗೆ ನಂಬಲಿ?’

ಹರಿದ ಬಟ್ಟೆಗೆ ಅದರ ಬಣ್ಣದ್ದೇ ನೂಲಿನಿಂದ ಎಳೆಗೆ ಎಳೆ ಕೂಡಿಸಿ ತೂತು ಮುಚ್ಚುವುದು ನನ್ನ ಕೆಲಸ. ಇಷ್ಟು ದಿನ ಗುರುತಿನವರೇ ತಂದುಕೊಡುತ್ತಿದ್ದರು. ಈಚೆಗೆ ಅದೂ ಕಡಿಮೆಯಾಗಿ, ತಂಗಿ ನನಗೊಂದು ಪ್ರೊಫೈಲ್ ಮಾಡಿಕೊಟ್ಟಿದ್ದಳು. ಗುರುತಿಲ್ಲದವರು ಕೇಳಿದ್ದು ಇದೇ ಮೊದಲು. ಇವರೂ ಕೈಬಿಟ್ಟರೆ ಸೂಜಿ ಡಬ್ಬಿಗೆ ಮುಚ್ಚಳ ಹಾಕಿ ಬೇರೆ ಕೆಲಸ ಹುಡುಕಬೇಕು.

ತಂಗಿಗೆ ಫೋನ್ ಮಾಡಿದೆ.

“ಅಕ್ಕಾ, ‘ನೂರಾರು ಗ್ರಾಹಕರ ಮೆಚ್ಚುಗೆ’ ಅಂತ ಒಂದು ಸಾಲು ಹಾಕಿಬಿಡು.”

“ನೂರಾರು ಜನ ಎಲ್ಲಿದ್ದಾರೆ? ನೀನು, ನಿನ್ನ ಗಂಡ, ನಿಮ್ಮತ್ತೆ.”

“ಹಾಗಾದ್ರೆ ಮೊದಲು ನಿನ್ನ ಫೋಟೋ ಬದಲಾಯಿಸು. ಪರೀಕ್ಷೇಲಿ ಕಾಪಿ ಹಿಡಿಯೋಕೆ ನಿಂತ ಟೀಚರ್ ಥರ ಇದ್ದೀಯ.”

ನಗುತ್ತಾ ಫೋನಿಟ್ಟೆ. ತೊಂದರೆ ಇದ್ದದ್ದು ಮುಖದಲ್ಲಲ್ಲ. ನನ್ನ ಕೆಲಸ ಚೆನ್ನಾಗಿ ಆದಷ್ಟೂ ಫೋಟೋದಲ್ಲಿ ಏನೂ ಕಾಣುವುದಿಲ್ಲ.

ಹೆಗಲ ಮೇಲೆ ಮಗಳ ಸ್ವೆಟರ್ ಇತ್ತು. ಬಣ್ಣ ಮಾಸದಿರಲೆಂದು ಒಳಮೈ ಹೊರಗೆ ಮಾಡಿ ಒಣಹಾಕಿದ್ದೆ. ಮೊಣಕೈ ಹತ್ತಿರ ನಾನು ಬಿಟ್ಟ ನೂಲಿನ ತುದಿಗಳು, ಹೊಸ ಎಳೆ ಹಳೆಯದನ್ನು ಹಿಡಿದುಕೊಂಡ ಜಾಗ, ಎಲ್ಲವೂ ಕಾಣುತ್ತಿತ್ತು.

“ಗುಬ್ಬೀ, ಇದರ ಫೋಟೋ ಹಾಕ್ಲೇನೇ?”

ಹಲ್ಲುಜ್ಜುತ್ತಿದ್ದ ಮಗಳು ಭುಜ ಕುಣಿಸಿದಳು. “ಹ್ಞೂಂ. ಆದ್ರೆ ನಂದು ಅಂತ ಬರೀಬೇಡ.”

ಬರೆಯಲಿಲ್ಲ. ಹೊರಮೈ, ಒಳಮೈ ಎರಡನ್ನೂ ಪಕ್ಕಪಕ್ಕ ಹಾಕಿ ಕೆಳಗೆ ಬರೆದೆ: ‘ಮೊಣಕೈಯಲ್ಲಿ ದೊಡ್ಡ ತೂತಿತ್ತು. ಒಳಗೆ ಹೀಗಿದೆ. ತೀರಾ ಪಿಸಿದುಹೋದ ಬಟ್ಟೆ ನನ್ನ ಕೈಲಾಗುವುದಿಲ್ಲ. ಅಂಥದ್ದಾದರೆ ನೋಡಿದ ಕೂಡಲೇ ಹೇಳಿಬಿಡುತ್ತೇನೆ.’

ಅವತ್ತು ಸಂಜೆಯೆಲ್ಲ ಮಗಳು ಫೋನಿನಲ್ಲಿ ಆ ಫೋಟೋ ನೋಡುವುದು, ನನ್ನ ಹಿಂದೆ ಸುತ್ತುವುದು.

“ಅಮ್ಮಾ...”

“ಏನೇ?”

“ಏನಿಲ್ಲ.”

ಆ ಸ್ವೆಟರ್ ಹಾಕಿದಾಗಲೆಲ್ಲ ಅವಳು ಮೊಣಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಳ್ಳುತ್ತಾಳೆ. ಹೊಸದು ಕೇಳುತ್ತಾಳೆ ಅಂದುಕೊಂಡೆ. ಪಾತ್ರೆ ತೊಳೆಯತೊಡಗಿದೆ.

ಮಾರನೆ ಬೆಳಿಗ್ಗೆ ಮಗಳು ಅದೇ ಸ್ವೆಟರ್ ತೊಟ್ಟು ಶೂ ಹಾಕಿಕೊಳ್ಳುತ್ತಿದ್ದಾಗ, ಪ್ರೊಫೈಲಿನಲ್ಲಿದ್ದ ವಿಳಾಸ ಹಿಡಿದು ಕೋಟಿನವರು ಬಾಗಿಲಿಗೇ ಬಂದರು.

“ಫೋಟೋದಲ್ಲಿದ್ದ ಸ್ವೆಟರ್ ಒಂದ್ಸಲ ನೋಡಬಹುದಾ?”

ಏನು ಹೇಳಲಿ ಎಂದು ಮಗಳ ಕಡೆ ನೋಡಿದೆ. ಅವಳು ನನ್ನನ್ನು ನೋಡಿದಳು. ಆಮೇಲೆ ತಾನೇ ಎರಡೂ ಕೈ ಮುಂದೆ ಚಾಚಿದಳು.

ಅವರು ಎರಡೂ ಮೊಣಕೈ ಸವರಿ ನೋಡಿದರು. “ಯಾವ ಕೈ ಪುಟ್ಟಾ?”

“ನೀವೇ ಹೇಳಿ ಆಂಟಿ.”

ಅವರು ತೋರಿಸಿದ್ದು ತೂತೇ ಬೀಳದಿದ್ದ ಕೈಯನ್ನು. ಮಗಳು ಕಿಸಕ್ಕೆಂದು ನಕ್ಕು, ಇನ್ನೊಂದು ತೋಳಿನ ಅಂಚನ್ನು ಮೊಣಕೈವರೆಗೆ ಮಡಚಿ ಒಳಮೈ ತೋರಿಸಿದಳು.

“ಹಾಂ, ಇದೇ. ನಿನ್ನೆ ಇದನ್ನೇ ದೊಡ್ಡದು ಮಾಡಿ ಮಾಡಿ ನೋಡಿದೆ. ಎಷ್ಟು ಅಚ್ಚುಕಟ್ಟಾಗಿದೆ,” ಎಂದು ಅವರು, ನಿದ್ದೆ ಹೋದ ಕೂಸನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಕೋಟನ್ನು ನನಗೆ ಕೊಟ್ಟು ಹೋದರು.

ಮಗಳು ಒಂದೇ ಶೂನಲ್ಲಿ ನಿಂತಿದ್ದಳು. “ಅಮ್ಮಾ...”

“ಹೊಸದು ಬೇಕಾ ಮರಿ? ಈ ಕೋಟು ಮುಗೀಲಿ, ನೋಡೋಣ.”

“ಅದಲ್ಲ.” ಮೊಣಕೈ ಮೇಲೆ ಅವಳ ಕೈ ಇರಲಿಲ್ಲ. “ಇವತ್ತು ಸ್ಕೂಲಿಗೆ ಇದನ್ನ ಒಳಮೈ ಹೊರಗೆ ಮಾಡಿ ಹಾಕ್ಕೊಂಡು ಹೋಗ್ಲಾ?”