ಬಚ್ಚಲ ನೀರಿಗೆ ಹಾಕಿದ ಬದು

ನೀಲಾಂಬಿಕಾಳಿಗೆ ಟೊಮೆಟೊ ಗಿಡಗಳೆಂದರೆ ಜೀವ. ಅಕ್ಕಿಆಲೂರಿನ ಸುತ್ತ ಹಿತ್ತಲಲ್ಲಿ ನಾಲ್ಕು ಗಿಡ ಹಚ್ಚದವರಿಲ್ಲ. ಆದರೆ ಒಂದೊಂದಕ್ಕೂ ಗೂಟ ಕೊಟ್ಟು, ಹಳೆಯ ಸೀರೆಯ ಅಂಚು ಹರಿದು ಕಟ್ಟಿ, ಕೂಸಿನ ಹಾಗೆ ಮುದ್ದು ಮಾಡುವವಳು ಇವಳೊಬ್ಬಳೇ. ನೀರು ಮಾತ್ರ ಇವಳದಲ್ಲ. ಅಣ್ಣತಮ್ಮಂದಿರು ಪಾಲಾದಾಗ ಬಚ್ಚಲು ಭಾವ ಅಜ್ಜಪ್ಪನ ಕಡೆ ಹೋಗಿತ್ತು. ಬಚ್ಚಲ ನೀರು ಗೋಡೆಯ ಕೆಳಗಿನ ಮೋರಿಯಿಂದ ಇವಳ ಗಿಡಗಳ ನಡುವೆ ಹಾದು, ಹಿಂದೆ ಅಜ್ಜಪ್ಪನ ಹೆಂಡತಿ, ನೆಗೆಣ್ಣಿ ಸರೋಜವ್ವನ ಬಾಳೆಗೆ ಸೇರುತ್ತಿತ್ತು. ಅಜ್ಜಪ್ಪ ಪುಣ್ಯಾತ್ಮ. ತಮ್ಮನ ಹೆಂಡತಿಯ ಗಿಡಕ್ಕೂ ಇರಲಿ ಎಂದು ಜಳಕದ ಕೊನೆಗೆ ಎರಡು ತಂಬಿಗೆ ಹೆಚ್ಚೇ ಸುರಿದುಕೊಳ್ಳುತ್ತಿದ್ದ.

ಅಷ್ಟಕ್ಕೆ ಸುಮ್ಮನಿರಬಾರದಿತ್ತೇ ಈಕೆ? ಕಾಯಿ ಕಚ್ಚಿದ್ದೇ ತಡ, ಆಸೆ ಹೆಚ್ಚಿತು. ಒಂದು ಹನಿಯೂ ಆಚೆ ಹೋಗದಂತೆ ಮೋರಿಯ ನೀರಿಗೆ ಅಡ್ಡ ಮಣ್ಣಿನ ಬದು ಹಾಕಿದಳು. ಬಾಳೆ ಒಣಗತೊಡಗಿತು. ಸರೋಜವ್ವ ಗೋಡೆಯ ಮೇಲಿಂದ ಬಗ್ಗಿ, ನಿನ್ನ ಟೊಮೆಟೊ ಹೇಗೆ ಹಣ್ಣಾಗುತ್ತವೋ ನೋಡುತ್ತೇನೆ ಎಂದು ಊರಿಗೆಲ್ಲ ಕೇಳುವಂತೆ ಕೂಗಾಡಿದಳು. ಸಿಟ್ಟಿನ ಮಾತು, ಅಷ್ಟೇ. ಆದರೆ ಆ ವಾರವೇ ಗಿಡಗಳು ಹಸಿರಿರುವಾಗಲೇ ಜೋತುಬಿದ್ದವು. ನೀರು ಸಾಲದೆಂದು ನೀಲಾಂಬಿಕಾ ಬದು ಇನ್ನಷ್ಟು ಎತ್ತರಿಸಿದಳು. ಎಲ್ಲವೂ ಮಲಗಿಬಿಟ್ಟವು.

ಹೊಲದಿಂದ ಬಂದ ಗಂಡ ಚನ್ನೇಶನ ಮುಂದೆ ಅವಳು ಎದೆ ಬಡಿದುಕೊಂಡು ಅತ್ತಳು.

"ನಿಮ್ಮ ಅತ್ತಿಗಿ ಬಚ್ಚಲ ನೀರಾಗ ಕಳೆ ಸುಡೋ ಔಷಧ ಸುರದಾಳ್ರಿ. ನಾನ ಕಣ್ಣಾರೆ ನೋಡೇನಿ."

ನೋಡಿರಲಿಲ್ಲ. ಆದರೂ ಅಂದುಬಿಟ್ಟಳು.

ಚನ್ನೇಶ ಹೆಗಲ ಮೇಲಿನ ಸಲಿಕೆ ಇಳಿಸಲೇ ಇಲ್ಲ. ಹಾಗೇ ಅಣ್ಣನ ಮನೆಗೆ ನುಗ್ಗಿ, ಪಾತ್ರೆ ತಿಕ್ಕುತ್ತಿದ್ದ ಸರೋಜವ್ವನ ತುರುಬು ಹಿಡಿದು ಬಚ್ಚಲ ಕಲ್ಲಿನ ಮೇಲೆ ಎಳೆದಾಡಿದ. ಜಳಕ ಮಾಡುತ್ತಿದ್ದ ಅಜ್ಜಪ್ಪ ಒದ್ದೆ ಮೈಯಲ್ಲೇ ನಡುವೆ ಬಂದು ತಮ್ಮನ ರಟ್ಟೆ ಹಿಡಿದ. ಸಲಿಕೆ ಅಣ್ಣನ ಕುತ್ತಿಗೆಗೆ ಬಿತ್ತು. ಅವನು ಕುಸಿದ ಮೇಲೂ ಮತ್ತೊಮ್ಮೆ ಬಿತ್ತು. ಪಕ್ಕದ ಮನೆಯ ಸಿರಾಜುದ್ದೀನ ಓಡಿಬಂದು ಚನ್ನೇಶನನ್ನು ಕೆಡವಿ, ಎದೆಯ ಮೇಲೆ ಕೂತ. ಹಾನಗಲ್ಲಿನ ದವಾಖಾನೆ ಮುಟ್ಟುವುದರೊಳಗೆ ಅಜ್ಜಪ್ಪ ತೀರಿದ. ಚನ್ನೇಶನನ್ನು ಪೊಲೀಸರು ಒಯ್ದರು.

ಮರುದಿನ ಮಧ್ಯಾಹ್ನ ಹೆಣ ಮನೆಗೆ ಬಂತು. ನೀಲಾಂಬಿಕಾಳನ್ನು ಯಾರೂ ಕರೆಯಲಿಲ್ಲ. ಹಿತ್ತಲಲ್ಲಿ ಕುಂತವಳಿಗೆ ಆ ಗಿಡಗಳನ್ನು ಕಂಡು ಮೈಯೆಲ್ಲ ಉರಿಯಿತು. ಒಂದನ್ನು ಬುಡಸಮೇತ ಕಿತ್ತಳು. ಬೇರು ಕಪ್ಪಾಗಿ, ಲೋಳೆ ಲೋಳೆಯಾಗಿ ನಾರುತ್ತಿತ್ತು. ಇನ್ನೊಂದನ್ನು ಕಿತ್ತಳು, ಅದೂ ಹಾಗೇ. ಔಷಧವಲ್ಲ, ನಿಂತ ನೀರು ಕೊಂದಿದ್ದು.

ಅಷ್ಟರಲ್ಲಿ ಮೋರಿಯಲ್ಲಿ ನೀರು ಬಂತು. ಆಚೆ ಭಾವನ ಹೆಣಕ್ಕೆ ಕೊನೆಯ ಜಳಕ ಮಾಡಿಸುತ್ತಿದ್ದರು. ವಿಭೂತಿ ಕದಡಿದ ಬೆಳ್ಳನೆಯ ನೀರು ಗಿಡಗಳ ನಡುವೆ ಹರಿದು, ಅವಳ ಬದುವಿಗೆ ಬಂದು ನಿಂತಿತು.

ಕಿತ್ತ ಗಿಡ ಹಿಡಿದೇ ಅವಳು ಆಚೆ ಮನೆಗೆ ಹೋದಳು. ಜನ ದಾರಿ ಬಿಟ್ಟರು.

"ಅಕ್ಕ, ನೀ ಏನೂ ಸುರದಿಲ್ಲ. ನಾ ನೋಡೂ ಇಲ್ಲ. ನೀರ ನಿಂತು ಬೇರ ಕೊಳತಾವ. ಬದು ಹಾಕಿದಾಕಿ ನಾನ."

ಸರೋಜವ್ವ ಎದ್ದಳು. ಗಿಡ ಕಸಿದುಕೊಂಡು ಅದರಿಂದಲೇ ಅವಳ ಮುಖಕ್ಕೆ ಬಾರಿಸಿದಳು, ಅದು ಮುರಿದ ಮೇಲೆ ಕೈಯಿಂದ. ತುಟಿ ಒಡೆದು ರಕ್ತ ಬಂತು. ಯಾರೂ ಬಿಡಿಸಲಿಲ್ಲ, ನೀಲಾಂಬಿಕಾ ಕೈ ಅಡ್ಡ ತರಲಿಲ್ಲ. ದಣಿದ ಮೇಲೆ ಸರೋಜವ್ವ ಗೋಡೆಗೊರಗಿ ನಿಂತಳು.

"ಬದು ಒಡಿ ಹೋಗ. ಅವರ ಮೈ ತೊಳದ ನೀರ ಅದು. ನಿನ್ನ ಹಿತ್ತಲದಾಗ ನಿಲ್ಲೂದು ಬ್ಯಾಡ."

ನೀಲಾಂಬಿಕಾ ತನ್ನ ಹಿತ್ತಲಿಗೆ ಬಂದು, ಮೊಣಕಾಲೂರಿ ಎರಡೂ ಕೈಯಿಂದ ಬದು ಕೆದರಿದಳು. ನೀರು ದಾರಿ ಮಾಡಿಕೊಂಡು, ಸತ್ತ ಗಿಡಗಳನ್ನು ದಾಟಿ, ಸರೋಜವ್ವನ ಬಾಳೆಯ ಬುಡ ಸೇರಿತು.